ಬೆಳೆಯುವ ಮುಧೋಳ ಮರಿಗೆ ಎಷ್ಟು ಓಟ? ಬಾಗಲಕೋಟೆ ಜಿಲ್ಲೆಯ ನೆಲ, ಬಿಸಿಲು ಮತ್ತು ಎಲುಬಿನ ಬೆಳವಣಿಗೆ

ಮುಧೋಳ ನಾಯಿಯ ಚರಿತ್ರೆ ಈ ಭಾಗದಲ್ಲಿ ಮನೆಮಾತು. ಘೋರ್ಪಡೆ ಅರಸು ಮನೆತನದ ಮಾಲೋಜಿರಾವ್ ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಈ ತಳಿಯ ಜೋಡಿಯನ್ನು ಕಾಣಿಕೆ ಕೊಟ್ಟದ್ದು, 2005ರಲ್ಲಿ ಅಂಚೆ ಚೀಟಿ ಬಂದದ್ದು, 2016ರಲ್ಲಿ ಸೇನೆಯ ಮೀರತ್ ತರಬೇತಿ ಕೇಂದ್ರಕ್ಕೆ ಮರಿಗಳು ಹೋದದ್ದು ಎಲ್ಲರ ಬಾಯಲ್ಲೂ ಇದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಓಡುವುದಕ್ಕೆಂದೇ ಹುಟ್ಟಿದ ಈ ನಾಯಿಯನ್ನು ಮರಿಯಿದ್ದಾಗ ಎಷ್ಟು ಓಡಿಸಬೇಕು, ಎಲ್ಲಿ ಓಡಿಸಬೇಕು? ಮರಿ ತಾನಾಗಿ ಓಡುವ ಓಟ ಅದಕ್ಕೆ ಬೇಕೇ ಬೇಕು. ಮನುಷ್ಯ ಹೇರುವ ಓಟವೇ ಅದರ ಕಾಲು ಕೆಡಿಸುತ್ತದೆ ಎಂಬುದು ಈ ಲೇಖನದ ವಾದ.

ಮರಿಯ ಉದ್ದ ಎಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ತೆಳುವಾದ ಪದರವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಸುತ್ತಲಿನ ಎಲುಬಿಗಿಂತಲೂ ಕೀಲಿನ ನಾರುಗಳಿಗಿಂತಲೂ ಈ ಪದರ ದುರ್ಬಲ. ದೊಡ್ಡ ನಾಯಿಗೆ ಕೀಲು ಉಳುಕುವಷ್ಟು ಪೆಟ್ಟು ಬಿದ್ದರೆ, ಅದೇ ಪೆಟ್ಟಿಗೆ ಮರಿಯ ಬೆಳವಣಿಗೆಯ ಪದರವೇ ಜಜ್ಜಿಹೋಗಬಹುದು. ಮುಂಗಾಲಿನ ಅಲ್ನಾ ಎಲುಬನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅದರ ಬೆಳವಣಿಗೆಯ ಸುಮಾರು ಶೇ. 85 ಭಾಗ ಮಣಿಕಟ್ಟಿನ ಬಳಿಯ ಪದರದಿಂದಲೇ ಆಗುತ್ತದೆ. ನಾಯಿಗಳಲ್ಲಿ ಆ ಪದರ ಶಂಕುವಿನ ಆಕಾರದಲ್ಲಿರುವುದರಿಂದ ಪೆಟ್ಟು ಯಾವ ದಿಕ್ಕಿನಿಂದ ಬಂದರೂ ಅದು ಜಾರದೆ ಅಲ್ಲೇ ಅಮುಕಿಕೊಳ್ಳುತ್ತದೆ. ಪದರ ಸತ್ತರೆ ಅಲ್ನಾ ಗಿಡ್ಡವಾಗಿ ಉಳಿದು, ಪಕ್ಕದ ರೇಡಿಯಸ್ ಬೆಳೆಯುತ್ತಲೇ ಹೋಗಿ ಬಿಲ್ಲಿನಂತೆ ಬಾಗುತ್ತದೆ. ಪೆಟ್ಟು ಬಿದ್ದ ದಿನ ಮರಿ ತುಸು ಕುಂಟಿ ಸುಮ್ಮನಾಗಬಹುದು. ಕಾಲು ಸೊಟ್ಟಗಾದದ್ದು ಕಣ್ಣಿಗೆ ಬೀಳುವುದು ವಾರಗಳ ನಂತರ. ಮುಧೋಳದ ಗಂಡು ನಾಯಿ ಭುಜದ ಬಳಿ 68ರಿಂದ 72 ಸೆಂ.ಮೀ. ಎತ್ತರ ಬೆಳೆಯುತ್ತದೆ. ಈ ಗಾತ್ರದ ನಾಯಿಗಳಲ್ಲಿ ಕಾಲಿನ ಪದರಗಳೆಲ್ಲ ಮುಚ್ಚಿಕೊಳ್ಳಲು 12ರಿಂದ 15 ತಿಂಗಳು ಹಿಡಿಯುತ್ತದೆ. ಎಂಟು ತಿಂಗಳ ಮರಿ ಎತ್ತರದಲ್ಲಿ ತಾಯಿಯನ್ನು ಮುಟ್ಟಿದಂತೆ ಕಂಡರೂ ಒಳಗಿನ ಎಲುಬು ಇನ್ನೂ ಎಳೆಯದು.

ಹಾಗೆಂದು ಕಟ್ಟಿಹಾಕಬೇಕೇ? ತಿಂಗಳಿಗೆ ಐದು ನಿಮಿಷದಂತೆ ವಯಸ್ಸಿನ ಲೆಕ್ಕದಲ್ಲಿ ನಡಿಗೆಗೆ ಮಿತಿ ಹಾಕುವ ಸೂತ್ರವೊಂದು ಜಗತ್ತಿನೆಲ್ಲೆಡೆ ಚಾಲ್ತಿಯಲ್ಲಿದೆ. ಅದರ ಹಿಂದೆ ಗಟ್ಟಿಯಾದ ಸಂಶೋಧನೆಯಿಲ್ಲ. ಇದಕ್ಕಿಂತ ಹೆಚ್ಚು ತೂಕದ್ದು ನಾರ್ವೆಯ ಪಶುವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನ. ನ್ಯೂಫೌಂಡ್‌ಲ್ಯಾಂಡ್, ಲ್ಯಾಬ್ರಡಾರ್, ಲಿಯಾನ್‌ಬರ್ಗರ್ ಮತ್ತು ಐರಿಷ್ ವುಲ್ಫ್‌ಹೌಂಡ್ ತಳಿಗಳ ಸುಮಾರು 500 ನಾಯಿಗಳನ್ನು ಅವರು ಮರಿಯಿಂದಲೇ ಗಮನಿಸಿದರು. ಮೊದಲ ಮೂರು ತಿಂಗಳಲ್ಲಿ ಮೆಟ್ಟಿಲು ಹತ್ತಿ ಇಳಿದ ಮರಿಗಳಲ್ಲಿ ಸೊಂಟದ ಕೀಲಿನ ದೋಷ ಹೆಚ್ಚಿತ್ತು. ಅದೇ ವಯಸ್ಸಿನಲ್ಲಿ ಹಗ್ಗವಿಲ್ಲದೆ ಬಯಲಲ್ಲಿ ಆಡಿದ ಮರಿಗಳಲ್ಲಿ, ಹೊಲಮನೆಗಳಲ್ಲಿ ಹುಟ್ಟಿದವುಗಳಲ್ಲಿ ಅದು ಕಡಿಮೆಯಿತ್ತು. ಅಲ್ಲಿಯ ತಳಿಗಳು ಬೇರೆ, ಹವೆ ಬೇರೆ. ಆದರೂ ಐರಿಷ್ ವುಲ್ಫ್‌ಹೌಂಡ್ ಕೂಡ ಮುಧೋಳದಂತೆಯೇ ಕಣ್ಣೋಟದಿಂದ ಬೇಟೆಯಾಡುವ ನಾಯಿ. ಸ್ನಾಯು ಬಲಿತರೆ ಕೀಲು ಸ್ಥಿರವಾಗುತ್ತದೆ ಎಂಬ ತತ್ತ್ವ ಎಲ್ಲ ತಳಿಗೂ ಒಂದೇ. ತೋಟದ ಮನೆಯಲ್ಲಿ ಒಡಹುಟ್ಟಿದವುಗಳ ಜೊತೆ ಉರುಳಾಡಿ, ದಣಿದಾಗ ತಾನೇ ಮಲಗುವ ಮರಿಗೆ ನಮ್ಮ ರೈತರು ಕೊಡುತ್ತ ಬಂದ ಸ್ವಾತಂತ್ರ್ಯ ವಿಜ್ಞಾನದ ದೃಷ್ಟಿಯಿಂದಲೂ ಸರಿಯಾದದ್ದೇ ಎಂದು ನಾನು ನಂಬುತ್ತೇನೆ.

ನೆಲದ ವಿಚಾರಕ್ಕೆ ಬಂದರೆ ಜಿಲ್ಲೆಯೊಳಗೇ ವ್ಯತ್ಯಾಸವಿದೆ. ಹುನಗುಂದದ ಕಡೆಯ ಎರಿ ಹೊಲ ಹದವಾದ ತೇವದಲ್ಲಿ ಮರಿಗೆ ಒಳ್ಳೆಯ ಹಾಸು. ಬೇಸಿಗೆಯಲ್ಲಿ ಅದೇ ಎರಿ ಬಿರುಕು ಬಿಡುತ್ತದೆ. ಓಡುವ ಮರಿಯ ಪಾದ ಆ ಬಿರುಕಿನಲ್ಲಿ ಸಿಕ್ಕಿದರೆ ಮೇಲೆ ಹೇಳಿದ ಅಪಾಯವೇ. ಬಾದಾಮಿಯ ಮರಳುಗಲ್ಲಿನ ಗುಡ್ಡದ ಮೆಟ್ಟಿಲುಗಳನ್ನು ಎಳೆ ಮರಿಗೆ ಹತ್ತಿಸಬಾರದು. ಇಳಕಲ್ಲಿನ ಮನೆಗಳಲ್ಲಿ ನುಣುಪಾಗಿ ಪಾಲಿಷ್ ಮಾಡಿದ ಗ್ರಾನೈಟ್ ನೆಲದ ಮೇಲೆ ಹಿಂಗಾಲು ಪದೇ ಪದೇ ಜಾರುತ್ತದೆ, ಒಂದು ಗೋಣಿಚೀಲ ಹಾಸಿದರೂ ಸಾಕು. ಬಾಗಲಕೋಟೆಯ ನವನಗರದಂಥ ಬಡಾವಣೆಗಳಲ್ಲಿ ಡಾಂಬರು ರಸ್ತೆಯ ಮೇಲೆ ಬೈಕಿನ ಹಿಂದೆ ಮರಿಯನ್ನು ಓಡಿಸುವುದಂತೂ ಕೂಡದು. ಬೈಕಿನ ಹಿಂದೆ ಓಡುವ ಮರಿಗೆ ನಿಲ್ಲುವ ಆಯ್ಕೆಯೇ ಇಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ನಾಯಿಯ ಸಹಜ ದೇಹತಾಪ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಬೆವರಿ ತಣಿಯುವ ಶಕ್ತಿ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ, ಏದುಸಿರೇ ಆಸರೆ. ಪಳಗಿದ ಗ್ರೇಹೌಂಡಿನ ಮೈ ಕೂಡ ಒಂದು ಓಟದ ಕೊನೆಗೆ 41 ಡಿಗ್ರಿಯ ಆಸುಪಾಸು ಮುಟ್ಟುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಆಟ ನಸುಕಿನಲ್ಲಿ, ಇಲ್ಲವೇ ನೆಲ ಆರಿದ ಮೇಲೆ ರಾತ್ರಿ. ಅಂಗೈಯನ್ನು ಹತ್ತು ಎಣಿಸುವವರೆಗೆ ನೆಲಕ್ಕೆ ಒತ್ತಿ ಹಿಡಿಯಲಾಗದಿದ್ದರೆ ಮರಿಯನ್ನು ಇಳಿಸಬೇಡಿ. ಪಾರ್ವೊ ಲಸಿಕೆಯ ಸರಣಿ ಹದಿನಾರನೇ ವಾರಕ್ಕೆ ಮುಗಿಯುವವರೆಗೆ ಸಂತೆ, ಬೀದಿಗಳನ್ನು ಬಿಟ್ಟು ಸ್ವಂತ ಅಂಗಳವೇ ಲೇಸು. ಎಲುಬು ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಔಷಧಿ ಸುರಿಯುವವರೂ ಇದ್ದಾರೆ. ಸಮತೋಲಿತ ಆಹಾರ ತಿನ್ನುವ ದೊಡ್ಡ ತಳಿಯ ಮರಿಗೆ ಅದು ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ.

ಮರಿಯನ್ನು ಪಳಗಿಸಲೆಂದು ಮೊಲದ ಹಿಂದೆ ಬಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಚಿಂಕಾರಗಳಿಗಾಗಿಯೇ ಘೋಷಿತವಾದ ಯಡಹಳ್ಳಿ ವನ್ಯಧಾಮ ಇದೇ ಜಿಲ್ಲೆಯಲ್ಲಿರುವಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಬ್ರಿಟನ್ನಿನ ಅಧಿಕೃತ ಪಂದ್ಯಗಳಲ್ಲಿ 15 ತಿಂಗಳು ತುಂಬದ ಗ್ರೇಹೌಂಡ್ ಕಣಕ್ಕಿಳಿಯುವಂತಿಲ್ಲ. ನಮ್ಮ ಜಾತ್ರೆಗಳಲ್ಲಿ ನಾಯಿ ಓಟ ಏರ್ಪಡಿಸುವವರು ಈ ಮಿತಿಯನ್ನು ಇಂದೇ ಅಳವಡಿಸಿಕೊಳ್ಳಬಹುದು, ಅದಕ್ಕೆ ಖರ್ಚೇನೂ ಇಲ್ಲ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವು ತಾನು ವಿತರಿಸುವ ಪ್ರತಿ ಮರಿಯ ಜೊತೆಗೆ ತಿಂಗಳವಾರು ವ್ಯಾಯಾಮದ ಒಂದು ಕನ್ನಡ ಹಾಳೆಯನ್ನೂ ಕೊಡಲಿ ಎಂದು ವಿನಂತಿಸುತ್ತೇನೆ.