'ಅಸಹಾಯಶೂರ', 'ಏಕಾಂಗವೀರ': ಎರಡು ಬಿರುದುಗಳ ಅರ್ಥವಿಚಾರ

ತಾಯಲೂರನ್ನೊಳಗೊಂಡ ಕೋಲಾರ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟವಾಗಿ ಪ್ರಕಟಿಸಿದರು. ಇಂತಹ ಶಾಸನಗಳನ್ನು ಇಂಗ್ಲಿಷಿನ ಮೂಲಕ ಓದುವ ವಿದ್ಯಾರ್ಥಿಗಳು ಹೊಯ್ಸಳ ಅರಸರ ಈ ಎರಡು ಬಿರುದುಗಳನ್ನು ಒಂದೆಂದೇ ಭಾವಿಸುವುದುಂಟು. ನಮಗದು ಸಮ್ಮತವಲ್ಲ. 'ಅಸಹಾಯಶೂರ'ನು ನೆರವನ್ನು ಬಯಸದವನು. 'ಏಕಾಂಗವೀರ'ನಾದರೋ ಒಂಟಿ ಮೈಯಲ್ಲಿ ಕಾದುವವನು. ಇಂಗ್ಲಿಷಿನ 'ಸಿಂಗಲ್' ಇದಕ್ಕೆ ಸಮೀಪ. 'ಸೋಲ್' ಎಂದರೆ ಅನ್ಯ ವೀರನೇ ಇಲ್ಲವೆಂದೂ, 'ಯುನೀಕ್' ಎಂದರೆ ಸಾಟಿಯಿಲ್ಲದವನೆಂದೂ ಆಗುತ್ತದೆ. (ಸಾಟಿಯಿಲ್ಲದವನಿಗೆ 'ಅದ್ವಿತೀಯ' ಎಂಬ ಮಾತು ಬೇರೆಯೇ ಇದೆ.) ಇದು ಬರಿಯ ಶಬ್ದಚರ್ಚೆಯಲ್ಲ. 1254ರ ಸುಮಾರಿಗೆ ರಾಜ್ಯವು ಇಬ್ಭಾಗವಾಗಿ ಕೋಲಾರ ಸೀಮೆ ರಾಮನಾಥನ ಪಾಲಿಗೂ, ದೋರಸಮುದ್ರ ಮೂರನೆಯ ನರಸಿಂಹನ ಪಾಲಿಗೂ ಸೇರಿದವು. ಅನಂತರವೂ ಹೊಯ್ಸಳ ಶಾಸನಗಳಲ್ಲಿ 'ಏಕಾಂಗವೀರ' ಮುಂದುವರಿಯಿತು. ಅದನ್ನು ಏಕಮಾತ್ರ ಒಡೆಯನೆಂದು ಅರ್ಥೈಸಿದರೆ ಒಡೆದ ರಾಜ್ಯವನ್ನು ಅಖಂಡವೆಂದು ಬಗೆದಂತಾಗುತ್ತದೆ.