ಮಿಲ್ಲಿನ ಗೋಡೆ ಯಾರದು?

ಕಲಬುರಗಿಯ ಎಂ.ಎಸ್.ಕೆ. ಮಿಲ್ಲು ಅಂದರೆ ಮೆಹಬೂಬ್ ಶಾಹಿ ಮಿಲ್ಲು. ಆರನೇ ನಿಜಾಮ ಮೀರ್ ಮೆಹಬೂಬ್ ಅಲಿ ಖಾನನ ಹೆಸರು ಹೊತ್ತು 1880ರ ದಶಕದಲ್ಲಿ ಹುಟ್ಟಿದ ನೂಲು-ನೇಯ್ಗೆಯ ಗಿರಣಿ. 1974ರಲ್ಲಿ ಸರ್ಕಾರದ ಕೈಗೆ ಬಂತು. 1990ರ ದಶಕದಲ್ಲಿ ಬಾಗಿಲು ಮುಚ್ಚಿತು. ಇವತ್ತು ಅದು ಊರಿನ ಒಂದು ಬಡಾವಣೆಯ ಹೆಸರು. ಚರಿತ್ರೆ ಬರೆಯುವವರು ಇಷ್ಟು ಬರೆದು ಪೆನ್ನು ಮುಚ್ಚುತ್ತಾರೆ. ನಿಜಾಮನ ಹೆಸರು ಉಳಿಯಿತು. ಪಾಳಿ ಪಾಳಿಯಾಗಿ ಒಳಹೊಕ್ಕು ಕೆಮ್ಮುತ್ತ ಹೊರಬಂದ ಮಂದಿಯ ಹೆಸರು ಎಲ್ಲಿ ಹೋಯಿತು? ಕಾಗದ ನಮ್ಮವರನ್ನು ಬಿಟ್ಟಿದೆ ಅಂದಮೇಲೆ ನಾವು ಕಟ್ಟಡವನ್ನೇ ಓದಬೇಕು.

ಮಿಲ್ಲಿಗಿಂತ ಮೊದಲು ಬಂದದ್ದು ರೈಲು. 1871ರಲ್ಲಿ ಮುಂಬಯಿಯ ಹಳಿ ಸೊಲ್ಲಾಪುರ, ಕಲಬುರಗಿ, ಶಹಾಬಾದ, ವಾಡಿ ದಾಟಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಹೈದರಾಬಾದ ಕಡೆಗೆ ನಿಜಾಮನ ರೈಲು ಓಡಿತು. ಎರೆಭೂಮಿಯ ಹತ್ತಿ, ಇಂಗ್ಲೆಂಡಿನ ಯಂತ್ರ, ಕಲ್ಲಿದ್ದಲು ಮೂರನ್ನೂ ಒಂದು ಕಡೆ ಕೂಡಿಸಿದ್ದು ಈ ಹಳಿ.

ಅದೇ ಹಳಿಯ ಮೇಲೆ ನಮ್ಮ ಸೀಮೆಯ ಕಲ್ಲೂ ಊರು ಬಿಟ್ಟಿತು. ಚಿಂಚೋಳಿ ಕಡೆಯ ಎತ್ತರದ ನೆಲ ಕೆಂಗಲ್ಲು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದದ ಅಡಿಯಲ್ಲಿ ಪದರು ಪದರು ಸುಣ್ಣಕಲ್ಲು. ಹಾರೆ ಕೊಟ್ಟು ಮೀಟಿದರೆ ಹಲಗೆಯ ಹಾಗೆ ಏಳುತ್ತದೆ. ಇದೇ ಶಹಾಬಾದಿ ಫರಸಿ. ಮುಂಬಯಿಯ ಹಳೇ ಕಟ್ಟಡಗಳ ನೆಲಕ್ಕೂ ಹಾಸಿದ್ದು ಇದನ್ನೇ. ಚಿತ್ತಾಪುರ ತಾಲೂಕಿನ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಎರಡು ಸಾವಿರ ವರ್ಷದ ಹಿಂದೆ ಬುದ್ಧನ ಸ್ತೂಪ ಎದ್ದದ್ದೂ ಸುಣ್ಣಕಲ್ಲಿನಲ್ಲಿಯೇ. ಅಲ್ಲಿ ಅಶೋಕನ ಶಿಲ್ಪವಿದೆ, ಜೊತೆಗೆ ಅವನ ಹೆಸರೂ ಇದೆ. ರಾಜನ ಹೆಸರನ್ನು ಕಲ್ಲು ಎಷ್ಟು ಭದ್ರವಾಗಿ ಕಾಯುತ್ತದೆ ನೋಡಿ! ಬಿಸಿಲಲ್ಲಿ ಕಲ್ಲು ಎಬ್ಬಿಸಿದ ಕೈಗೆ ಮಾತ್ರ ಹೆಸರಿಲ್ಲ. ಸ್ತೂಪದಿಂದ ಮಿಲ್ಲಿನ ತನಕ ಈ ಲೆಕ್ಕ ಬದಲಾಗಲಿಲ್ಲ.

ಈಗ ಮಿಲ್ಲು ಎಂಬ ಕಟ್ಟಡಕ್ಕೆ ಬರೋಣ. ಇದರ ನಕ್ಷೆ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ, ಇಂಗ್ಲೆಂಡಿನ ಲ್ಯಾಂಕಾಶೈರಿನಿಂದ ಮುಂಬಯಿಗೆ ಬಂದು ಬೇರೂರಿದ್ದು. ಉಗಿಯಂತ್ರಕ್ಕೆ ಒಂದು ಮನೆ, ಅದರ ಹೊಗೆ ಎಳೆಯಲು ಚಿಮಣಿ. ನೂಲಿನ ಯಂತ್ರಗಳನ್ನು ಮಹಡಿಯ ಮೇಲೆ ಮಹಡಿ ಇಡಬಹುದು. ಮಗ್ಗಗಳು ಹಾಗಲ್ಲ, ನೂರಾರು ಒಟ್ಟಿಗೆ ಬಡಿದರೆ ಮಾಳಿಗೆ ಅಲುಗುತ್ತದೆ. ಆದ್ದರಿಂದ ಸಾಮಾನ್ಯವಾಗಿ ನೇಯ್ಗೆಯ ಖಾತೆ ನೆಲದ ಮೇಲೆಯೇ, ಒಂದೇ ಅಂತಸ್ತಿನ ದೊಡ್ಡ ಷೆಡ್ಡಿನಲ್ಲಿ. ಅದರ ಮಾಳಿಗೆ ಗರಗಸದ ಹಲ್ಲಿನಂತೆ. ಹಲ್ಲಿನ ಒಂದು ಬದಿ ಇಳಿಜಾರು, ಇನ್ನೊಂದು ಬದಿ ಗಾಜು. ಗಾಜಿನ ಮುಖ ಬಡಗಣಕ್ಕೆ. ಬಡಗಣದ ಬೆಳಕು ಕಣ್ಣು ಕುಕ್ಕುವುದಿಲ್ಲ, ಎಳೆ ಸ್ಪಷ್ಟ ಕಾಣುತ್ತದೆ. ಒಣಗಾಳಿಗೆ ನೂಲು ಹರಿಯುತ್ತದೆಂದು ಕಿಟಕಿ ಮುಚ್ಚಿ ಒಳಗೆ ತೇವ ತುಂಬುತ್ತಿದ್ದರು. ಹತ್ತಿಯ ಧೂಳು ಆ ಮುಚ್ಚಿದ ಗಾಳಿಯಲ್ಲೇ ತೇಲಿ ದುಡಿಯುವವರ ಪುಪ್ಪುಸ ಸೇರುತ್ತಿತ್ತು.

ಗೆಳೆಯರೇ, ಇಲ್ಲಿ ಒಂದು ಮಾತು ತಿಳಿಯಬೇಕು. ಬೆಳಕನ್ನು ಅಳೆದದ್ದು ಎಳೆಗಾಗಿ, ಗಾಳಿಯನ್ನು ಅಳೆದದ್ದೂ ಎಳೆಗಾಗಿ. ಮನುಷ್ಯನ ಕಣ್ಣು, ಮನುಷ್ಯನ ಉಸಿರು ಆ ನಕ್ಷೆಯಲ್ಲಿ ಇರಲಿಲ್ಲ.

ಇದು ಬಂಡವಾಳದ ಗೋಡೆ. ಅದರೊಳಗೆ ಇನ್ನೊಂದು ಗೋಡೆ ಇತ್ತು, ಅದನ್ನು ಯಾವ ಇಂಜಿನಿಯರನೂ ಬರೆದದ್ದಲ್ಲ. ಲಾಳಿಯೊಳಗಿನ ಕಂಡಿಕೆ ಮುಗಿದಾಗ ಹೊಸ ಎಳೆಯ ತುದಿಯನ್ನು ಲಾಳಿಯ ಕಣ್ಣಿನಿಂದ ಬಾಯಿಟ್ಟು ಹೀರಿ ತೆಗೆಯಬೇಕಿತ್ತು. ಒಬ್ಬ ಬಾಯಿಟ್ಟ ಲಾಳಿಗೆ ಇನ್ನೊಬ್ಬನೂ ಬಾಯಿಡಬೇಕು. ಅಸ್ಪೃಶ್ಯನ ಎಂಜಲು ಮೈಲಿಗೆ ಅಂತ ಮುಂಬಯಿಯ ಮಿಲ್ಲುಗಳಲ್ಲಿ ನಮ್ಮವರನ್ನು ನೇಯ್ಗೆಯ ಖಾತೆಗೆ ಸೇರಿಸಲಿಲ್ಲ. ಕೂಲಿ ಹೆಚ್ಚಿದ್ದದ್ದು ಆ ಖಾತೆಯಲ್ಲೇ! ನೂಲಿನ ಖಾತೆ ನಮಗೆ, ನೇಯ್ಗೆ ಅವರಿಗೆ. ಯಂತ್ರದ ಅನುಕೂಲಕ್ಕೆ ಬೇರೆ ಮಾಡಿದ ಎರಡು ಷೆಡ್ಡುಗಳನ್ನು ಜಾತಿ ಬಂದು ಊರು-ಕೇರಿ ಮಾಡಿತು.

ನೇಯುವುದೇನು ನಮ್ಮ ಕೇರಿಗೆ ಹೊಸ ವಿದ್ಯೆಯೇ? ಕನ್ನಡ ನಾಡಿನ ಹಲವು ಕಡೆ ಹೊಲೆಯರು ಒರಟು ಬಟ್ಟೆ ನೇಯ್ದು ಬದುಕಿದರು, ಬ್ರಿಟಿಷರ ದಾಖಲೆಗಳೇ ಇದನ್ನು ಹೇಳುತ್ತವೆ. ಮಿಲ್ಲಿನ ಬಟ್ಟೆ ಬಂದು ಕೇರಿಯ ಮಗ್ಗ ಮುರಿಯಿತು. ಮಗ್ಗ ಮುರಿದ ಕೈ ಮಿಲ್ಲಿಗೆ ಹೋದರೆ, ಮಗ್ಗ ಮುಟ್ಟಬ್ಯಾಡ ಅಂದರು. ಅನ್ನ ಕಸಿದವರೇ ಗಂಗಾಳ ಮುಟ್ಟಬ್ಯಾಡ ಅಂದಂಗಾಯ್ತು.

1928ರ ಮುಂಬಯಿ ಗಿರಣಿ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬರು ಈ ಪ್ರಶ್ನೆಯನ್ನು ಕಾರ್ಮಿಕ ಮುಖಂಡರ ಮುಂದಿಟ್ಟರು. ಮಾಲೀಕನ ವಿರುದ್ಧ ಒಂದಾಗಿ ಎನ್ನುವವರು ಖಾತೆಯ ಬಾಗಿಲನ್ನೂ ತೆರೆಯಿರಿ ಎಂಬುದು ಅವರ ವಾದ. 1938ರಲ್ಲಿ ಮನ್ಮಾಡಿನಲ್ಲಿ ದಲಿತ ರೈಲ್ವೆ ಕಾರ್ಮಿಕರ ಸಮ್ಮೇಳನದಲ್ಲಿ, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎರಡೂ ಕಾರ್ಮಿಕನ ಶತ್ರುಗಳು ಎಂದು ಸಾರಿದರು. ಆ ರೈಲ್ವೆಯ ಹಳಿಯೇ ಶಹಾಬಾದ, ವಾಡಿಯ ಮೂಲಕ ಹಾದು ಹೋಗಿದೆ. ಮಾತು ನಮಗೆ ದೂರದ್ದಲ್ಲ.

ಮುಂಬಯಿಯಲ್ಲಿ 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಅವುಗಳ ನೆಲದಲ್ಲಿ ಮಾಲುಗಳು ಎದ್ದವು. ಕೆಲವು ಕಡೆ ಅಂದಕ್ಕೆಂದು ಚಿಮಣಿ ಮಾತ್ರ ಬಿಟ್ಟರು. ಹೊಗೆ ಕುಡಿದವರನ್ನು ಮರೆತು ಚಿಮಣಿ ಉಳಿಸುವುದು ಎಂಥ ಚರಿತ್ರೆ? ಹಳೇ ಕಟ್ಟಡ ಉಳಿಯಲಿ, ನಾವು ಬೇಡ ಅನ್ನುವುದಿಲ್ಲ. ಆದರೆ ಅದರ ಜೊತೆ ಮಸ್ಟರ್ ಬುಕ್ಕೂ ಉಳಿಯಲಿ, ಯಾವ ಜಾತಿ ಯಾವ ಖಾತೆಯಲ್ಲಿತ್ತು ಎಂಬ ಲೆಕ್ಕವೂ ಉಳಿಯಲಿ.

ಈ ಕೆಲಸಕ್ಕೆ ವಿಶ್ವವಿದ್ಯಾಲಯವನ್ನು ಕಾಯಬೇಕಿಲ್ಲ. ಸೇಡಂ, ಚಿಂಚೋಳಿಯ ಹಳ್ಳಿ ಶಾಲೆಗಳ ಮಾಸ್ತರರು, ಓದುವ ಹುಡುಗ ಹುಡುಗಿಯರು ಒಂದು ನೋಟುಬುಕ್ಕು ಹಿಡಿದು ಕೇರಿಯ ಹಿರಿಯರ ಹತ್ತಿರ ಕೂಡಲಿ. ಯಜ್ಜಾ, ನೀ ಯಾವ ಖಾತೆದಾಗ ಇದ್ದಿ? ಯವ್ವಾ, ನೀ ಯಾವ ಗಣಿಯಾಗ ಕಲ್ಲ ಹೊತ್ತಿ? ಕುಡಿಯೋ ನೀರಿನ ಕೊಡ ಒಂದಿತ್ತೋ, ಎರಡಿದ್ವೋ? ಈ ಮೂರು ಪ್ರಶ್ನೆ ಸಾಕು. ಉತ್ತರ ಬರೆದುಕೊಂಡ ದಿನ ಮಿಲ್ಲಿನ ಗೋಡೆ ಯಾರದೆಂದು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ.