ಬಾಣಂತಿ ಕ್ಯಾರಿಯರ್‌ನಲ್ಲಿ ಏನಿತ್ತು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಈ ಸಲ ರಾಜರ ಕಥೆ ಇಲ್ಲ, ಯುದ್ಧದ ಕಥೆ ಇಲ್ಲ. ಇವತ್ತಿನ ಚರಿತ್ರೆ ಒಂದು ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್ ಒಳಗಿದೆ. ನನ್ನ ಅಕ್ಕನಿಗೆ ಸಿಸೇರಿಯನ್ ಆದಾಗ ಕೃಷ್ಣಮೂರ್ತಿಪುರಂನ ನಮ್ಮ ಮನೆಯಿಂದ ಆಸ್ಪತ್ರೆಗೆ ದಿನಕ್ಕೆ ಎರಡು ಸಲ ಆ ಕ್ಯಾರಿಯರ್ ಹೊತ್ತವಳು ನಾನು. ಬಲ್ಲಾಳ್ ಸರ್ಕಲ್ ಹತ್ತಿರ ಆಟೋ ಹತ್ತಿ, ಸಾರು ಚೆಲ್ಲದ ಹಾಗೆ ತೊಡೆ ಮೇಲೆ ಇಟ್ಕೊಂಡು ಹೋಗ್ತಿದ್ದೆ.

ಕ್ಯಾರಿಯರ್ ಕಟ್ಟೋದು ಅಜ್ಜಿ. ಕೆಳಗಿನ ಡಬ್ಬಿಯಲ್ಲಿ ಮೆತ್ತಗಿನ ಅನ್ನ, ಅದರ ಮೇಲೆ ತುಪ್ಪ. ನಡುವೆ ಮೆಣಸಿನ ಸಾರು. ಮೇಲೆ ಸಬ್ಬಸಿಗೆ ಸೊಪ್ಪಿನ ಪಲ್ಯ. ಪಕ್ಕದ ಬಟ್ಟೆ ಚೀಲದಲ್ಲಿ ಕೊಬ್ಬರಿ, ಬೆಲ್ಲ, ಖರ್ಜೂರ, ಅಂಟಿನುಂಡೆ. ಅಮ್ಮ ಅದಕ್ಕೆ ಒಂದು ಪೊಟ್ಟಣ ಮಾರಿ ಬಿಸ್ಕೆಟ್ ಸೇರಿಸ್ತಿದ್ರು. ನೀರಿನ ಬಾಟಲ್ ಮಾತ್ರ ಅಜ್ಜಿ ಇಡ್ತಾ ಇರಲಿಲ್ಲ. ಅದರ ಕಥೆ ಆಮೇಲೆ ಹೇಳ್ತೀನಿ.

ಮೊದಲ ದಿನ ಈ ಕ್ಯಾರಿಯರ್ ಹಾಗೇ ವಾಪಸ್ ಬಂತು. ಬೆಳಿಗ್ಗೆ ಆಪರೇಷನ್ ಆಗಿತ್ತು. ಸಂಜೆ ನಾನು ಡಬ್ಬಿ ಬಿಚ್ಚೋಕೆ ಹೋದಾಗ ಸಿಸ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಗ್ಯಾಸ್ ಹೋಯ್ತಾ?" ಅಕ್ಕ ನಾಚಿಕೊಂಡು ಇಲ್ಲ ಅಂದ್ಲು. "ಹಾಗಾದ್ರೆ ನಾಳೆ ತನಕ ಏನೂ ಬೇಡ." ಹಿಂದಿನ ರಾತ್ರಿ ಊಟ ಮಾಡಿದ್ದವಳು ಮಾರನೇ ದಿನ ಮಧ್ಯಾಹ್ನದವರೆಗೂ ಎರಡು ಮೂರು ಗುಟುಕು ನೀರು, ಒಂದು ಲೋಟ ಗಂಜಿಯಲ್ಲೇ ಇದ್ದಳು. ಮಗು ಬೇರೆ ಹಾಲಿಗೆ ಅಳ್ತಾ ಇತ್ತು.

ಮನೆಗೆ ಬಂದು ನನಗೆ ತಲೆ ಕೆಟ್ಟಿದ್ದು ಇದಕ್ಕೇ. ಹಡೆದವಳು ಹಸಿದಿರಬೇಕು ಅಂತ ನಿಯಮ ಮಾಡಿದ್ದು ಯಾರು?

ಖಾಲಿ ಹೊಟ್ಟೆಯ ಚರಿತ್ರೆ

ಸೀಸರ್ ಹುಟ್ಟಿದ್ದು ಹೀಗೇ, ಅದಕ್ಕೇ ಸಿಸೇರಿಯನ್ ಅನ್ನೋ ಹೆಸರು ಅಂತ ಕೇಳಿರ್ತೀರ. ಅದು ನಿಜ ಇರಲಾರದು. ಜೂಲಿಯಸ್ ಸೀಸರನ ತಾಯಿ ಔರೇಲಿಯಾ ಅವನು ದೊಡ್ಡವನಾದ ಮೇಲೂ ಬದುಕಿದ್ದಳು. ಆ ಕಾಲದಲ್ಲಿ ಹೊಟ್ಟೆ ಕೊಯ್ಯುತ್ತಿದ್ದದ್ದು ತಾಯಿ ಸತ್ತ ಮೇಲೆ ಅಥವಾ ಸಾಯುವ ಹೊತ್ತಿನಲ್ಲಿ, ಮಗುವನ್ನು ಹೊರಗೆ ತೆಗೆಯೋಕೆ. 'ಕತ್ತರಿಸು' ಅನ್ನೋ ಅರ್ಥದ ಲ್ಯಾಟಿನ್ ಪದದಿಂದ ಹೆಸರು ಬಂದಿರಬಹುದು ಅಂತಾರೆ.

ತಾಯಿ ಬದುಕೋದು ಶುರುವಾಗಿದ್ದು ತುಂಬಾ ಇತ್ತೀಚೆಗೆ. 1876ರಲ್ಲಿ ಇಟಲಿಯ ಪೊರೊ ಅನ್ನೋ ವೈದ್ಯ ಮಗು ತೆಗೆದ ಮೇಲೆ ಗರ್ಭಕೋಶವನ್ನೇ ತೆಗೆದುಹಾಕಿ ತಾಯಿಯನ್ನು ಉಳಿಸಿದ. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸ್ಯಾಂಗರ್ ಗರ್ಭಕೋಶಕ್ಕೇ ಹೊಲಿಗೆ ಹಾಕೋ ವಿಧಾನ ಬರೆದ. ಅದಕ್ಕೂ ಮುಂಚೆ ಹೊಟ್ಟೆಯ ಮೇಲೆ ಹೊಲಿಗೆ ಹಾಕ್ತಿದ್ರು, ಒಳಗಿನ ಗಾಯವನ್ನು ಸಾಮಾನ್ಯವಾಗಿ ಹಾಗೇ ಬಿಡ್ತಿದ್ರು. ಯೋಚನೆ ಮಾಡಿದ್ರೇ ಮೈ ಜುಂ ಅನ್ನುತ್ತೆ.

ಊಟದ ನಿಯಮ ಬಂದಿದ್ದು ಅರಿವಳಿಕೆಯಿಂದ. ಈಥರ್, ಕ್ಲೋರೋಫಾರ್ಮ್ ಕಾಲದಲ್ಲಿ ರೋಗಿ ಪ್ರಜ್ಞೆ ಇಲ್ಲದೆ ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಹೋಗೋದು. 1946ರಲ್ಲಿ ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ 44,016 ಗರ್ಭಿಣಿಯರ ದಾಖಲೆ ನೋಡಿ, ಹೆರಿಗೆ ವೇಳೆ ಹೀಗಾದ 66 ಪ್ರಕರಣಗಳನ್ನು ವರದಿ ಮಾಡಿದರು. ಆಮೇಲೆ ಹೆರಿಗೆ ನೋವಿನಲ್ಲಿ ಊಟ ಬೇಡ ಅನ್ನೋದು ಲೋಕದ ರೂಢಿ ಆಯ್ತು. ಆಪರೇಷನ್ ನಂತರದ ಉಪವಾಸಕ್ಕೆ ಇನ್ನೊಂದು ಕಾರಣ: ಹೊಟ್ಟೆ ಕೊಯ್ದ ಮೇಲೆ ಕರುಳು ಸ್ವಲ್ಪ ಹೊತ್ತು ಸುಮ್ಮನಾಗುತ್ತೆ, ಅದು ಎದ್ದಿದೆ ಅನ್ನೋದಕ್ಕೆ ಗ್ಯಾಸ್ ಸಾಕ್ಷಿ. ಹಾಗಾಗಿ ಸಿಸ್ಟರ್ ಪ್ರಶ್ನೆ ಸುಮ್ಮನೆ ಬಂದದ್ದಲ್ಲ, ಅದಕ್ಕೂ ಒಂದು ವಂಶಾವಳಿ ಇದೆ.

ಆದರೆ ಕಾಲ ಬದಲಾಗಿದೆ. ಇವತ್ತು ಬಹುತೇಕ ಸಿಸೇರಿಯನ್ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಗುತ್ತೆ, ತಾಯಿ ಎಚ್ಚರ ಇರ್ತಾಳೆ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ, ಬೇಗ ತಿನ್ನಿಸಿ ಬೇಗ ನಡೆಸಿದ್ರೆ ರೋಗಿ ಬೇಗ ಚೇತರಿಸಿಕೊಳ್ತಾನೆ ಅಂತ ತೋರಿಸಿದರು. ಅದೇ ಹಾದಿಯಲ್ಲಿ 2019ರಲ್ಲಿ ಬಂದ ಅಂತಾರಾಷ್ಟ್ರೀಯ ಮಾರ್ಗಸೂಚಿ, ಸಿಸೇರಿಯನ್ ಆಗಿ ಎರಡು ಗಂಟೆಯೊಳಗೆ ಮಾಮೂಲಿ ಊಟ ಕೊಡಬಹುದು ಅನ್ನುತ್ತೆ. ಊಟ ತಡ ಆಗೋ ಹಾಗಿದ್ರೆ ಚ್ಯೂಯಿಂಗ್ ಗಮ್ ಅಗಿಯೋದು ಕೂಡ ಕರುಳನ್ನು ಎಬ್ಬಿಸೋಕೆ ಸಹಾಯ ಮಾಡಬಹುದಂತೆ. ಇದನ್ನು ಅಜ್ಜಿಗೆ ಹೇಳಿದಾಗ, "ಬಾಣಂತಿ ಬಾಯಿಗೆ ಬಬಲ್‌ಗಮ್ಮಾ?" ಅಂತ ಅರ್ಧ ಗಂಟೆ ನಕ್ಕಿದ್ರು. ಒಂದು ಮಾತು: ನಿಮ್ಮ ಮನೆಯವರ ವಿಷಯದಲ್ಲಿ ಡಾಕ್ಟರ್ ಹೇಳಿದ್ದೇ ಅಂತಿಮ. ಆದರೆ "ಯಾವಾಗಿಂದ ತಿನ್ನಬಹುದು?" ಅಂತ ಮುಂಚೆನೇ ಕೇಳಿ. ನಾವು ಕೇಳಿರಲಿಲ್ಲ.

ಮೆಣಸಿನಕಾಯಿಗಿಂತ ಹಳೇ ಊಟ

ಈಗ ಕ್ಯಾರಿಯರ್‌ಗೆ ಬರೋಣ. ಅಜ್ಜಿಯ ಮೂರೂ ಡಬ್ಬಿಯಲ್ಲಿ ಮೆಣಸಿನಕಾಯಿ ಇಲ್ಲ, ಆಲೂಗಡ್ಡೆ ಇಲ್ಲ, ಟೊಮ್ಯಾಟೊ ಇಲ್ಲ. ಈ ಮೂರೂ ಅಮೆರಿಕ ಖಂಡದವು. ಮೆಣಸಿನಕಾಯಿ ನಮ್ಮ ಕಡೆಗೆ ಬಂದಿದ್ದು 16ನೇ ಶತಮಾನದಲ್ಲಿ, ಪೋರ್ಚುಗೀಸರ ಹಡಗಿನ ಜೊತೆ. ಅದಕ್ಕೂ ಮುಂಚೆ ಖಾರ ಅಂದ್ರೆ ಮೆಣಸು, ಹಿಪ್ಪಲಿ, ಶುಂಠಿ. ಹೊಸ ಕಾಯಿಗೆ ಹಳೇ ಮೆಣಸಿನ ಹೆಸರನ್ನೇ ಅಂಟಿಸಿ 'ಮೆಣಸಿನಕಾಯಿ' ಅಂದ್ವಿ. ಈಗ ಪಾಪ, ಮೂಲ ಮೆಣಸನ್ನೇ 'ಕಾಳುಮೆಣಸು' ಅಂತ ಬೇರೆ ಮಾಡಿ ಕರೀಬೇಕು.

ಚರಕಸಂಹಿತೆ ಹೆತ್ತವಳಿಗೆ ಹೇಳೋದು ಹತ್ತಿರ ಹತ್ತಿರ ಇದನ್ನೇ. ಹಿಪ್ಪಲಿ, ಹಿಪ್ಪಲಿ ಬೇರು, ಶುಂಠಿ ಮೊದಲಾದವುಗಳ ಪುಡಿಯನ್ನು ತುಪ್ಪ ಅಥವಾ ಎಣ್ಣೆಯಲ್ಲಿ ಕಲಸಿ ಕೊಡು, ಅದು ಜೀರ್ಣವಾದ ಮೇಲೆ ಗಂಜಿ ಕೊಡು ಅಂತ. ದೇವರಾಜ ಮಾರ್ಕೆಟ್ ಕಡೆಯ ಗ್ರಂಧಿಗೆ ಅಂಗಡಿಯಲ್ಲಿ "ಬಾಣಂತಿ ಸಾಮಾನು ಕೊಡಿ" ಅಂದ್ರೆ ಇವತ್ತಿಗೂ ಹಿಪ್ಪಲಿ, ಒಣಶುಂಠಿ ಕಟ್ಟಿ ಕೊಡ್ತಾರೆ. ವರ್ಷವಿಡೀ ಬೆಳ್ಳುಳ್ಳಿ ಒಳಗೆ ಬಿಡದ ಮನೆಗಳಲ್ಲೂ ಬಾಣಂತಿಗೆ ಮಾತ್ರ ವಿನಾಯಿತಿ ಇದೆ. ಮನೆಯವರೆಲ್ಲ ಪೋರ್ಚುಗೀಸರ ನಂತರದ ಊಟ ಮಾಡುವಾಗ, ಬಾಣಂತಿ ತಟ್ಟೆ ಮಾತ್ರ ಐನೂರು ವರ್ಷ ಹಿಂದೆ ನಿಂತಿದೆ.

ಹಾಗಂತ ಇದು ಪಕ್ಕಾ ನಿಯಮ ಅಲ್ಲ. ಬದನೆಕಾಯಿ ನಮ್ಮದೇ ನೆಲದ್ದು, ಆದರೂ 'ನಂಜು' ಅಂತ ಬಾಣಂತಿಗೆ ಕೊಡಲ್ಲ. ಹಳೇದೆಲ್ಲ ಒಳ್ಳೇದು ಅನ್ನೋ ಲೆಕ್ಕವೂ ಸರಿ ಬರಲ್ಲ.

ಅಮ್ಮನ ಮಾರಿ ಬಿಸ್ಕೆಟ್ಟಿಗೂ ಚರಿತ್ರೆ ಇದೆ. 1874ರಲ್ಲಿ ರಷ್ಯಾದ ರಾಜಕುಮಾರಿ ಮರಿಯಾ, ವಿಕ್ಟೋರಿಯಾ ರಾಣಿಯ ಮಗನನ್ನು ಮದುವೆ ಆದಾಗ ಲಂಡನ್ನಿನ ಒಂದು ಬೇಕರಿ ಅವಳ ಹೆಸರಲ್ಲಿ ಮಾಡಿದ ಬಿಸ್ಕೆಟ್ ಅದು. ನೋಡೋಕೆ ಬಂದವರು ತರೋ ಹಾರ್ಲಿಕ್ಸ್, 1873ರಲ್ಲಿ ಇಬ್ಬರು ಅಣ್ಣತಮ್ಮಂದಿರು ಷಿಕಾಗೋದಲ್ಲಿ ಶುರು ಮಾಡಿದ್ದು. ಅಕ್ಕನ ಮಂಚದ ಪಕ್ಕದ ಒಂದೇ ಸ್ಟೂಲ್ ಮೇಲೆ ಚರಕ, ರಷ್ಯಾ, ಷಿಕಾಗೋ ಎಲ್ಲಾ ಕೂತಿದ್ವು.

ಅಜ್ಜಿ ಇಲ್ಲದವರಿಗೆ

ನಾನು ಬಿಕಾಂ ಓದಿದವಳು, ಖರ್ಚು ಯಾರ ತಲೆ ಮೇಲೆ ಅಂತ ಮೊದಲು ನೋಡ್ತೀನಿ. ಮೈಸೂರಿನಲ್ಲಿ ಹೆಂಗಸರಿಗೆ, ಮಕ್ಕಳಿಗೆ ಅಂತ ಮಿಷನ್ ಆಸ್ಪತ್ರೆ ಶುರುವಾಗಿದ್ದು 1906ರಲ್ಲಿ. ಸರ್ಕಾರದ ಚೆಲುವಾಂಬ ಆಸ್ಪತ್ರೆಗೆ ಇವತ್ತೂ ಸುತ್ತಮುತ್ತಲ ಜಿಲ್ಲೆಗಳಿಂದ ಹೆರಿಗೆಗೆ ಬರ್ತಾರೆ. ಚಾಮರಾಜನಗರದ ಕಡೆಯ ಹಳ್ಳಿಯಿಂದ ಬಂದವರಿಗೆ ದಿನಕ್ಕೆ ಎರಡು ಸಲ ಕ್ಯಾರಿಯರ್ ಕಳಿಸೋರು ಯಾರು?

2011ರ ಜೂನ್ 1ರಂದು ಕೇಂದ್ರ ಸರ್ಕಾರ ತಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಇದಕ್ಕೆ ಉತ್ತರ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆ ಆದ್ರೆ 3 ದಿನ, ಸಿಸೇರಿಯನ್ ಆದ್ರೆ 7 ದಿನದವರೆಗೆ ತಾಯಿಗೆ ಊಟ ಉಚಿತ. ಇದು ದಾನ ಅಲ್ಲ, ಹಕ್ಕು. ಗೊತ್ತಿಲ್ಲದವರಿಗೆ ಹೇಳಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಪ್ರಮಾಣ 2015-16ರಲ್ಲಿ ಶೇ 23.6 ಇದ್ದದ್ದು, 2019-21ಕ್ಕೆ ಶೇ 31.5 ಆಯ್ತು. ಅಂದ್ರೆ ಮೂರರಲ್ಲಿ ಒಂದು ಹೆರಿಗೆ, ಹತ್ತಿರ ಹತ್ತಿರ.

ನೀರಿನ ಬಾಟಲ್

ಈಗ ಉಳಿದ ಕಥೆ. ಎರಡನೇ ದಿನ ಅಕ್ಕನಿಗೆ ಊಟ ಸಿಕ್ತು, ಆದರೆ ಅಜ್ಜಿ ವಾರ್ಡಿಗೆ ಬಂದು ಕೂತರು. "ಹಸಿ ಮೈಗೆ ನೀರು ಕೂಡದು" ಅಂತ ದಿನಕ್ಕೆ ಅರ್ಧ ಲೋಟ, ಅದೂ ಊಟದ ಜೊತೆ ಮಾತ್ರ. ಮೂರನೇ ದಿನಕ್ಕೆ ಅಕ್ಕನ ತುಟಿ ಒಡೆದಿತ್ತು. ಉರಿಮೂತ್ರ, ಮಲಬದ್ಧತೆ, ಮುಕ್ಕಿದರೆ ಹೊಲಿಗೆ ನೋವು. ರೌಂಡ್ಸಿಗೆ ಬಂದ ಡಾಕ್ಟರ್ "ನೀರು ಚೆನ್ನಾಗಿ ಕುಡೀತಿದೀರ ತಾನೇ?" ಅಂದಾಗ ಅಕ್ಕ ಅಜ್ಜಿ ಮುಖ ನೋಡಿ ತಲೆ ಆಡಿಸಿದಳು. ನನಗೆ ಗೊತ್ತಿತ್ತು, ನಾನೂ ಸುಮ್ಮನಿದ್ದೆ.

ಆ ರಾತ್ರಿ ಅವಳ ಜೊತೆ ನಾನು ಉಳಿದೆ. ಎರಡು ಗಂಟೆ ಹೊತ್ತಿಗೆ "ಒಂದು ಲೋಟ ಕೊಡೇ" ಅಂದ್ಲು. ಕೊಟ್ಟೆ. ಇನ್ನೊಂದು ಕೊಟ್ಟೆ. ಆಮೇಲಿಂದ ಬಟ್ಟೆ ಚೀಲದ ತಳದಲ್ಲಿ, ಅಂಟಿನುಂಡೆ ಡಬ್ಬಿ ಕೆಳಗೆ, ಬಾಟಲ್ ಮುಚ್ಚಿ ಒಯ್ದೆ.

ಮೂರು ತಿಂಗಳಾದ ಮೇಲೆ, ಮಗು ನಗೋಕೆ ಶುರು ಮಾಡಿದ ಮೇಲೆ, ಅಜ್ಜಿಗೆ ನಿಜ ಹೇಳಿದೆ. ಬೈತಾರೆ ಅಂದುಕೊಂಡೆ. ಅಜ್ಜಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಇದು. 1950ರ ಆಸುಪಾಸು, ನಂಜನಗೂಡು ಕಡೆಯ ಹಳ್ಳಿ. ಅಜ್ಜಿಗೆ ಹತ್ತು ವರ್ಷ. ಅವರ ಅಕ್ಕನಿಗೆ ಮನೆಯಲ್ಲೇ ಹೆರಿಗೆ ಆಗಿ, ಮೂರನೇ ದಿನ ಜ್ವರ ಬಂತು. ನೀರು, ನೀರು ಅಂತಿದ್ರಂತೆ. ದೊಡ್ಡವರು ಕೊಡಬೇಡ ಅಂದಿದ್ರು. ಅಜ್ಜಿ ಕದ್ದು ಒಂದು ಚೊಂಬು ಕೊಟ್ಟರು. ಎರಡು ದಿನಕ್ಕೆ ಅವರ ಅಕ್ಕ ತೀರಿಕೊಂಡರು. "ನಾನೇ ಕೊಂದೆ ಅಂದ್ಕೊಂಡಿದೀನಿ ಕಣೇ, ಇವತ್ತಿಗೂ."

ಎಪ್ಪತ್ತು ವರ್ಷ ಆ ಮಾತು ಅವರು ಯಾರಿಗೂ ಹೇಳಿರಲಿಲ್ಲ.

ಆವತ್ತು ನಾನು ಅಜ್ಜಿ ಪಕ್ಕ ಕೂತು ಒಂದು ಸಂಚಿಕೆಯಷ್ಟು ಚರಿತ್ರೆ ಹೇಳಿದೆ. 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟರು, ಹೆರಿಗೆ ಮಾಡಿಸೋರು ಬ್ಲೀಚಿಂಗ್ ಪುಡಿಯ ಥರದ ನೀರಿನಲ್ಲಿ ಕೈ ತೊಳೆದ್ರೆ ಬಾಣಂತಿ ಜ್ವರದ ಸಾವು ಇಳಿಯುತ್ತೆ ಅಂತ ತೋರಿಸಿದ್ದು. ಆ ಸೋಂಕು ಕೈಯಿಂದ, ಬಟ್ಟೆಯಿಂದ, ಕತ್ತಿಯಿಂದ ಗರ್ಭಕೋಶಕ್ಕೆ ಹೋಗೋದು ಅಂತ. ಹೆರಿಗೆಯಾಗಿ ಮೂರನೇ ದಿನ ಬರೋ ಅಂಥ ಜ್ವರಕ್ಕೆ ಕುಡಿದ ನೀರು ಕಾರಣ ಅಲ್ಲ ಅಂತ. "ಅಜ್ಜಿ, ಜ್ವರ ಇದ್ದಿದ್ದಕ್ಕೇ ಅವರಿಗೆ ಬಾಯಾರಿತ್ತು. ನೀವು ಕೊಟ್ಟ ನೀರೊಂದೇ ಅವರಿಗೆ ಆಗ ಸಿಕ್ಕ ಸುಖ."

ಅಜ್ಜಿ ನಂಬಿದರೋ ಇಲ್ಲವೋ, ಏನೂ ಹೇಳಲಿಲ್ಲ. ಸೆರಗಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು.

ಹೋದ ತಿಂಗಳು ನಮ್ಮ ಬೀದಿಯಲ್ಲೇ ಇನ್ನೊಬ್ಬರಿಗೆ ಸಿಸೇರಿಯನ್ ಆಯ್ತು. ಅಜ್ಜಿ ಸಾರು ಮಾಡಿದರು, ಕ್ಯಾರಿಯರ್ ಕಟ್ಟಿದರು. ಆಟೋ ಹತ್ತೋ ಹೊತ್ತಿಗೆ ಕರೆದು ಒಂದು ಫ್ಲಾಸ್ಕ್ ಕೈಗಿಟ್ಟರು. ಜೀರಿಗೆ ಹಾಕಿ ಕಾಯಿಸಿದ ನೀರು. "ತುಂಬ ಇದೆ, ಬೇಕಾದಷ್ಟು ಕುಡೀಲಿ ಅಂತ ಹೇಳು."

ನಿಮ್ಮ ಮನೆಯ ಬಾಣಂತಿ ಕ್ಯಾರಿಯರ್‌ನಲ್ಲಿ ಏನಿರ್ತಿತ್ತು, ಏನಿರಲಿಲ್ಲ? ಅಮ್ಮನ್ನೋ ಅಜ್ಜಿಯನ್ನೋ ಕೇಳಿ. ಏನು ಕೊಡಬಾರದು ಅಂತ ಹೇಳಿದಾಗ, ಯಾಕೆ ಅಂತ ಒಂದು ಸಲ ಕೇಳಿ ನೋಡಿ.